ಬೆರ್ಚಪ್ಪನ ಸೊಂಟ

ಮೊನ್ನೆ ಬೈಂದೂರಿಗೆ ಮದ್ದು ತರಲು ಹೊರಟವಳು ಬಿಜೂರಿನಲ್ಲೇ ಬಸ್ಸಿಳಿದುಬಿಟ್ಟೆ. “ಅಮಾ, ಬೈಂದೂರ್ ಇನ್ನೂ ಬರ್ಲಿಲ್ಲ” ಎಂದ ಕಂಡಕ್ಟರ್. “ನಂಗ್ ಗೊತ್ತಿತ್ತ್. ನೀ ಸೀಟಿ ಊದ್” ಎಂದೆ. ಬಸ್ಸಿನಲ್ಲಿದ್ದವರೆಲ್ಲ ನನ್ನನ್ನೇ ನೋಡಿದರು. ನೋಡಲಿ. ಎಪ್ಪತ್ತು ದಾಟಿದ ಹೆಂಗಸು ನಡುದಾರಿಯಲ್ಲಿ ಅವಸರದಿಂದ ಇಳಿದರೆ ಜನ ಊಹಿಸುವ ಕಾರಣ ಒಂದೇ. ನನ್ನದು ಅದಲ್ಲ. ರಸ್ತೆ ಬದಿಯಲ್ಲಿ ಏಳುತ್ತಿದ್ದ ಹೊಸ ಮನೆಯೊಂದರ ಎದುರು ಒಂದು ಬೆರ್ಚಪ್ಪ ನೇತಾಡುತ್ತಿತ್ತು. ನಾನು ಇಳಿದದ್ದು ಅದಕ್ಕೆ.

ಬೆರ್ಚಪ್ಪ ಎಂದರೆ ನಿಮಗೆ ಗೊತ್ತಿರುವುದೇ. ಹಳೇ ಅಂಗಿ, ಹಳೇ ಚಡ್ಡಿಗೆ ಹುಲ್ಲು ತುಂಬಿ, ಮಸಿ ಹಿಡಿದ ಮಡಕೆಯನ್ನು ತಲೆ ಮಾಡಿ, ಸುಣ್ಣದಲ್ಲಿ ಕಣ್ಣು ಬರೆದು ಕಟ್ಟುವ ಬೊಂಬೆ. ಗದ್ದೆಯಲ್ಲಿ ನಿಲ್ಲಿಸಿದರೆ ಹಕ್ಕಿ ಬೆದರಬೇಕು, ಕಟ್ಟುತ್ತಿರುವ ಮನೆಗೆ ತೂಗಿಸಿದರೆ ಜನರ ಕೆಟ್ಟ ಕಣ್ಣು ಮನೆಯ ಮೇಲೆ ಬೀಳದೆ ಅದರ ಮೇಲೆ ಬೀಳಬೇಕು. ಹುಟ್ಟಿದಾಗಿನಿಂದ ನೋಡಿದ್ದೇನೆ. ಎಷ್ಟೋ ಮನೆಗಳಿಗೆ ನಾನೇ ಮಾಡಿಕೊಟ್ಟಿದ್ದೇನೆ. ನನ್ನ ಕೈಯ ಬೆರ್ಚಪ್ಪನಿಗೆ ಊರಲ್ಲಿ ಹೆಸರಿದೆ. ಹಾಗಿರುವವಳು ಒಂದು ಬೆರ್ಚಪ್ಪನನ್ನು ಕಂಡು ಬಸ್ಸು ಇಳಿಯುವುದೆಂದರೆ ಏನು? ಅದನ್ನು ಹೇಳಲು ನಮ್ಮ ಶಾಲೆಯ ಕೋಣೆಯ ತನಕ ಸುತ್ತಿ ಬರಬೇಕು. ನೇರ ಮಾತಾಡಲು ನನಗೆ ಬರುತ್ತದೆ, ನೇರ ಬರೆಯಲು ಬರುವುದಿಲ್ಲ.

ಬರೆಯುವುದೇ ಒಂದು ಆಶ್ಚರ್ಯ, ಬಿಡಿ. ನಾನು ಓದಿದ್ದು ಮೂರನೇ ಕ್ಲಾಸು. ಮೀನಿನ ಬುಟ್ಟಿ ತಲೆಗೆ ಬಂದ ಮೇಲೆ ಪಾಟಿಚೀಲ ಹೆಗಲಲ್ಲಿ ನಿಲ್ಲಲಿಲ್ಲ. ಬೇಸರವೇನೂ ಆಗಲಿಲ್ಲ. ಮಗ್ಗಿ ತಪ್ಪಿದರೆ ಮಾಸ್ತರರು ಹೊಡೆಯುತ್ತಿದ್ದರು, ಲೆಕ್ಕ ತಪ್ಪಿದರೆ ಗಿರಾಕಿಗಳು ಬೈಯುತ್ತಿದ್ದರು ಅಷ್ಟೆ. ಬೈಗುಳ ನೋಯುವುದಿಲ್ಲ. ನಾನು ಓದಿದ ಆ ಶಾಲೆ ಈಗಲೂ ನಾವುಂದದಲ್ಲಿ ನಮ್ಮ ಮನೆಯ ಬೇಲಿಯಾಚೆಯೇ ಇದೆ. ನಾನು ಕೂತಿದ್ದ ಕೋಣೆಯೇ ಎರಡು ವರ್ಷದ ಹಿಂದೆ ಗೆದ್ದಲು ತಿಂದು ಹೆಂಚಿನ ಮಾಡು ಬಾಗಿ, ಒಂದನೇ ಕ್ಲಾಸಿನ ಮಕ್ಕಳನ್ನು ಭಜನಾ ಮಂದಿರಕ್ಕೆ ಸಾಗಿಸುವ ಹಾಗಾಯಿತು. ಮಂದಿರದಲ್ಲಿ ಮದುವೆ ಮಾತುಕತೆ ಇದ್ದ ದಿನವೂ ಮಕ್ಕಳಿಗೆ ಅಲ್ಲೇ ಮೂಲೆಯಲ್ಲಿ ಪಾಠ. ಹಾಗೆ ಆದರೆ ಮಕ್ಕಳಿಗೆ ಅಕ್ಷರಕ್ಕಿಂತ ಮೊದಲು ವರದಕ್ಷಿಣೆಯ ಮಾತು ಬರುತ್ತದೆ ಎಂದು ಸುಮತಿ ಟೀಚರ್ ಹತ್ತಿರ ನಾನೇ ಹೇಳಿದ್ದೆ.

ಸುಮತಿ ಟೀಚರ್ ಸುಮ್ಮನೆ ಕೂರುವವರಲ್ಲ. ಎಲ್ಲೆಲ್ಲಿಗೋ ಬರೆದು, ಯಾರ್ಯಾರಿಗೋ ಫೋನು ಮಾಡಿ, ಕೊನೆಗೆ ಅಮೆರಿಕದ ಒಂದು ಕಾಲೇಜಿನ ಮಕ್ಕಳು ಬಂದು ಕೋಣೆ ಕಟ್ಟಿಕೊಡುತ್ತಾರೆ ಎಂದರು. ನಾನು ನಂಬಲಿಲ್ಲ. ಮೇ ತಿಂಗಳ ಸುಡುಬಿಸಿಲಿನಲ್ಲಿ ಒಂದು ವ್ಯಾನು ಬಂದು ನಿಂತು, ಹುಡುಗ ಹುಡುಗಿಯರು ಇಳಿದು, ನೇರ ಹೋಗಿ ಕೆಂಪುಕಲ್ಲು ಎತ್ತಲು ಶುರು ಮಾಡಿದಾಗ ಅಂಗಳ ಗುಡಿಸುತ್ತಿದ್ದ ಹಿಡಿಸೂಡಿ ನನ್ನ ಕೈಯಲ್ಲೇ ಉಳಿಯಿತು.

“ಟೀಚರೇ, ಇವ್ರ್ ಎಂತ ತಪ್ಪ್ ಮಾಡಿರ್?” ಎಂದು ಬೇಲಿಯಿಂದಲೇ ಕೇಳಿದೆ.

“ತಪ್ಪಾ? ಇದು ಶಿಕ್ಷೆ ಅಲ್ಲ ಗಿರಿಜಕ್ಕ, ಸೇವೆ. ಇಷ್ಟಪಟ್ಟು ಬಂದದ್ದು. ತಮ್ಮದೇ ಖರ್ಚಿನಲ್ಲಿ.”

“ಕಲ್ಲ್ ಹೊರುಕೆ? ವಿಮಾನದಗೆ?”

ನಾನೂ ಕಲ್ಲು ಹೊತ್ತಿದ್ದೇನೆ. ಮೀನು ಇಲ್ಲದ ಮಳೆಗಾಲದಲ್ಲಿ, ಹೊಟ್ಟೆಗೆ. ನನ್ನನ್ನು ಯಾರೂ ವಿಮಾನದಲ್ಲಿ ಕೂರಿಸಲಿಲ್ಲ, ತ್ರಾಸಿಯ ತನಕ ನಡೆಸಿದರು. ಹೊರುವುದನ್ನು ಬಿಡಲಿಕ್ಕೆಂದು ಜನ ಮಕ್ಕಳನ್ನು ಓದಿಸುವುದು. ಇವರು ಓದಿ, ಓದಿದ ಮೇಲೆ ಹೊರಲು ಬಂದಿದ್ದಾರೆ. ಆ ದಿನ ನನಗೆ ಊಟ ಸೇರಲಿಲ್ಲ, ನಿಜ ಹೇಳುತ್ತೇನೆ.

ಗೋಡೆ ಕಟ್ಟುತ್ತಿದ್ದವನು ನಮ್ಮ ನಾಗಣ್ಣ ಮೇಸ್ತ್ರಿ. ಮಕ್ಕಳು ಕಲ್ಲು ಕೊಡುವುದು, ಗಾರೆ ಕಲಸುವುದು, ನೀರು ಹಾಕುವುದು. ಕೈಗೆಲ್ಲ ಚೀಲ, ಮುಖಕ್ಕೆಲ್ಲ ಬಿಳಿ ಮುಲಾಮು. ನಾಗಣ್ಣನಿಗೆ ಬೇರೆಯೇ ತಾಪತ್ರಯ. “ಗಿರಿಜಕ್ಕ, ಇಷ್ಟ್ ವರ್ಷ ಗೋಡಿ ಕಟ್ದೆ, ಒಂದ್ ಮನ್ಶ ಥ್ಯಾಂಕ್ಸ್ ಹೇಳ್ಲಿಲ್ಲ. ಈ ಮಕ್ಕಳ್ ಕಲ್ ಕೊಟ್ಟದ್ದಕ್ಕೂ ಥ್ಯಾಂಕ್ಸ್, ತಕಂಡದ್ದಕ್ಕೂ ಥ್ಯಾಂಕ್ಸ್. ಕೆಮಿ ಉರಿತ್ತ್ ಮರಾಯ್ರೆ” ಎಂದು ಕಿವಿ ತಿಕ್ಕಿಕೊಂಡ.

ಅವರಲ್ಲಿ ಒಬ್ಬಳು ಜಾಯ್ಸ್. ನನ್ನಷ್ಟೇ ಕಪ್ಪು, ನನ್ನ ಎರಡರಷ್ಟು ಎತ್ತರ. ಫಾರಿನ್ ಎಂದರೆ ಬೆಳ್ಳಗೆ ಎಂದುಕೊಂಡಿದ್ದ ಊರಿಗೆ ಅವಳನ್ನು ಕಂಡು ಮೋಸ ಹೋದ ಹಾಗಾಯಿತು. ನನ್ನ ಜೊತೆ ಮೀನು ಮಾರುತ್ತಿದ್ದ ಸುಬ್ಬಿ ಬೇಲಿಯ ಹತ್ತಿರ ನಿಂತು, “ಹ್ವಾಯ್ ಗಿರಿಜಕ್ಕ, ಇವ್ಳ್ ನಮ್ಗಿಂತ ಕಪ್ಪ್ ಇದ್ಲ್ ಕಾಣಿ! ಇದೆಂತ ಅಮೆರಿಕ?” ಎಂದು ಗಟ್ಟಿಯಾಗಿಯೇ ಹೇಳಿದಳು. ಜಾಯ್ಸ್‌ಗೆ ಮಾತು ತಿಳಿಯಲಿಲ್ಲ, ದನಿ ತಿಳಿಯಿತು. ತಿರುಗಿ ನೋಡಿದಳು. ಮುಖದಲ್ಲಿ ಸಿಟ್ಟಿರಲಿಲ್ಲ. ಇದು ಇಲ್ಲಿಯೂ ಇದೆಯೋ ಎನ್ನುವ ಹಾಗೆ ಒಮ್ಮೆ ನೋಡಿ, ಕಲ್ಲೆತ್ತಿದಳು. ನನಗೆ ಅವಳು ಹಿಡಿಸಿದ್ದು ಆಗ.

ಅವಳ ತಲೆಯ ತುಂಬ ಸಪೂರ ಸಪೂರ ಜಡೆ. ಲೆಕ್ಕ ಸಿಗದಷ್ಟು. ನೀರು ಕೊಡಲು ಹೋದವಳು ಒಂದನ್ನು ಹಿಡಿದು ನೋಡಿದೆ. ಬೆಂಕಿ ತಾಗಿದ ಹಾಗೆ ಸರಿದಳು. ಸುಮತಿ ಟೀಚರ್ ಕೇಳಿ ಹೇಳಿದರು: “ಕೂದಲು ಮುಟ್ಟುವ ಮೊದಲು ಕೇಳಬೇಕಂತೆ ಗಿರಿಜಕ್ಕ.” ನಾನು ದಂಗಾದೆ. ನಮ್ಮಲ್ಲಿ ಹೆಣ್ಣಿನ ತಲೆಯನ್ನು ಹೇನು ನೋಡುವ ನೆಪದಲ್ಲಿ ಇಡೀ ಕೇರಿ ಮುಟ್ಟುತ್ತದೆ. ಇವಳ ಜಡೆಗೆ ಅರ್ಜಿ ಹಾಕಬೇಕೇ? ಮಾರನೇ ದಿನ ತಮಾಷೆಗೆ ದೂರದಿಂದಲೇ ಕೈಸನ್ನೆ ಮಾಡಿ ಕೇಳಿದೆ. ಅವಳು ಬಂದು, ನನ್ನ ಎತ್ತರಕ್ಕೆ ಬಗ್ಗಿ, ತಲೆ ಕೊಟ್ಟಳು. ಕೇಳಿ ಮುಟ್ಟುವುದು ಬೇರೆಯೇ, ಅದು ಆವತ್ತು ಗೊತ್ತಾಯಿತು. ಅವಳ ಅಜ್ಜಿ ಹೆಣೆಯುವುದಂತೆ, ಇಡೀ ದಿನ ಬೇಕಂತೆ. “ನಿನ್ ಅಮ್ಮಮ್ಮಂಗೆ ಬೇರೆ ಕೆಲ್ಸ ಇಲ್ಯಾ?” ಎಂದೆ. ಟೀಚರ್ ತಿಳಿಸಿದಾಗ ಜಾಯ್ಸ್ ಬಾವಿಕಟ್ಟೆಯ ಮೇಲೆ ಕೂತು ನಕ್ಕಳು. ಆಮೇಲೆ ನನ್ನನ್ನು ಅಮ್ಮಮ್ಮ ಎಂದೇ ಕರೆದಳು. ಅವಳಿಗೆ ಬಂದ ಇನ್ನೊಂದು ಮಾತು “ಎಂತ?” ಅದೊಂದರಲ್ಲೇ ಊರೆಲ್ಲ ನಿಭಾಯಿಸಿದಳು. ನಮ್ಮಲ್ಲಿ ಹೆಚ್ಚಿನವರೂ ಅಷ್ಟರಲ್ಲೇ ನಿಭಾಯಿಸುತ್ತಾರೆ.

ಗೋಡೆ ಎದ್ದಂತೆ ನೋಡಲು ಬರುವವರೂ ಎದ್ದರು. ಉಪ್ಪುಂದದಿಂದ ರಿಕ್ಷಾ ಮಾಡಿಕೊಂಡು ಬಂದು ನಿಂತು ನೋಡಿದರು. ಅದರಲ್ಲೂ ಜಾಯ್ಸ್ ಎರಡೆರಡು ಕಲ್ಲು ಹೊರುವುದನ್ನು ನೋಡಿ, “ಅಬ್ಬಬ್ಬ, ಹೆಣ್ಣಲ್ಲ ಅದ್!” ಎನ್ನದವರಿಲ್ಲ. ಅದೇ ವಾರ ಕಿಟಕಿಯ ಮೇಲೆ ಗೋಡೆ ಬಿರುಕು ಬಿಟ್ಟಿತು, ಜಾಯ್ಸ್ ಕೂಡ ಕಲ್ಲು ತಾಗಿ ಅಂಗಿಯ ತೋಳು ಹರಿದು ಕೈ ತರಚಿಕೊಂಡಳು. ನಾಗಣ್ಣ ಬೇಲಿಗೆ ಬಂದ.

“ಊರಿನ್ ಕಣ್ಣೆಲ್ಲ ಇಲ್ಲೇ ಇತ್ತ್ ಗಿರಿಜಕ್ಕ. ಒಂದ್ ಬೆರ್ಚಪ್ಪ ಮಾಡಿ ಕೊಡಿ.”

ಜಾಯ್ಸ್ ಆ ಹರಿದ ಹಳದಿ ಅಂಗಿಯನ್ನು ನೆಲ ಒರೆಸಲು ನನಗೇ ಕೊಟ್ಟಿದ್ದಳು. ಕಣ್ಣು ಬಿದ್ದದ್ದು ಅವಳಿಗೆ, ಹಾಗಾಗಿ ಬೆರ್ಚಪ್ಪನೂ ಅವಳ ಹಾಗೇ ಇರಲಿ, ಅವಳ ಪಾಲಿನದ್ದು ಅದಕ್ಕೆ ತಾಗಲಿ ಎಂದುಕೊಂಡೆ. ಭಾನುವಾರ, ಮಕ್ಕಳೆಲ್ಲ ಮರವಂತೆಯ ಕಡಲಿಗೆ ಹೋಗಿದ್ದರು. ಜಗಲಿಯಲ್ಲಿ ಕೂತು ಆ ಅಂಗಿಗೆ ಹುಲ್ಲು ತುಂಬಿದೆ. ಕಡಲಗಾಳಿಗೆ ಹಾರದಿರಲಿ ಎಂದು ಹೊಟ್ಟೆಗೆ ಮರಳು ಹಾಕಿದೆ. ಮಡಕೆಗೆ ಮಸಿ ಮೆತ್ತಿ ಸುಣ್ಣದ ಕಣ್ಣಿಟ್ಟೆ. ಅಷ್ಟು ಸಾಕಿತ್ತು. ಕೈ ಕೇಳಲಿಲ್ಲ. ಹಳೇ ಬಲೆಯ ಕಪ್ಪು ದಾರ ಬಿಡಿಸಿ, ಸಪೂರ ಸಪೂರ ಜಡೆ ಹೆಣೆದು, ಮಡಕೆಯ ಸುತ್ತ ಅಂಟಿಸಿದೆ. ಬೆರಳು ನೋಯುವ ತನಕ ಹೆಣೆದೆ. ಅವಳ ಅಜ್ಜಿಗೆ ಬೇರೆ ಕೆಲಸ ಏಕಿಲ್ಲ ಎಂದು ಆಗ ತಿಳಿಯಿತು. ಸಂಜೆ ನಾಗಣ್ಣ ಅದರ ಕುತ್ತಿಗೆಗೆ ಹಗ್ಗ ಹಾಕಿ ಗೋಡೆಗೆ ಕಟ್ಟಿದ್ದ ಅಟ್ಟಣಿಗೆಯ ಬಿದಿರಿಗೆ ತೂಗಿಸಿದ. ಎಲ್ಲ ಬೆರ್ಚಪ್ಪನನ್ನೂ ತೂಗಿಸುವುದು ಹಾಗೆಯೇ. ಇಷ್ಟು ಚಂದದ್ದು ನಾನು ಮಾಡಿರಲೇ ಇಲ್ಲ.

ಬೆಳಿಗ್ಗೆ ಮಕ್ಕಳು ಬರುವುದನ್ನೇ ಕಾದಿದ್ದೆ. ಜಾಯ್ಸ್ ಎಲ್ಲರಿಗಿಂತ ಮುಂದೆ, ಕೈಯಲ್ಲಿ ಬಕೆಟ್ ಹಿಡಿದು ಬಂದಳು. ನಾನು ಓಡಿಹೋಗಿ ಬೆರಳು ತೋರಿಸಿ ನಗುತ್ತಾ, “ಕಾಣ್ ಹೆಣ್ಣೇ, ನಿನ್ನಂಗೇ ಇತ್ತ್!” ಎಂದೆ.

ಅವಳು ತಲೆಯೆತ್ತಿದಳು. ಬಕೆಟ್ ಬಿತ್ತು. ಅಲ್ಲೇ ಮಣ್ಣಿನಲ್ಲಿ ಕೂತಳು. ಗಾಳಿಗೆ ಬೆರ್ಚಪ್ಪ ಮೆಲ್ಲಗೆ ತಿರುಗಿತು, ಜಡೆಗಳು ಅಲ್ಲಾಡಿದವು. ಅವಳ ಬಾಯಿಂದ ಒಂದು ದನಿ ಬಂತು. ಕರು ಸತ್ತ ದನ ಹಟ್ಟಿಯಲ್ಲಿ ಮಾಡುವ ದನಿ. ಉಳಿದವರು ಓಡಿ ಬಂದು ಅವಳನ್ನು ತಬ್ಬಿಕೊಂಡರು. ಅವರ ಜೊತೆ ಬಂದಿದ್ದ, ಒಂದು ದಿನವೂ ಗಟ್ಟಿ ಮಾತಾಡದ ಗಡ್ಡದ ಮಾಸ್ತರರು ನಾಗಣ್ಣನ ಮೇಲೆ ಕಿರುಚಿದರು. ಎಲ್ಲರೂ ವ್ಯಾನು ಹತ್ತಿ ಹೋದರು. ನಾನು ನಗುಮುಖದಲ್ಲೇ ನಿಂತಿದ್ದೆ. ನಗು ಎಲ್ಲಿ ಇಳಿಸಬೇಕೆಂದು ಗೊತ್ತಾಗಲಿಲ್ಲ.

ಸ್ವಲ್ಪ ಹೊತ್ತಿಗೆ ಸುಮತಿ ಟೀಚರ್ ಬಂದರು. ಮುಖ ಬಿಳಿಚಿಕೊಂಡಿತ್ತು.

“ಜಾಯ್ಸ್ ಬ್ಯಾಗು ಕಟ್ಟುತ್ತಿದ್ದಾಳೆ. ಅವಳು ಹೋದರೆ ಎಲ್ಲರೂ ಹೋಗುತ್ತಾರಂತೆ. ಇನ್ನು ಮಾಡು ಏರಬೇಕಷ್ಟೆ ಗಿರಿಜಕ್ಕ. ಮಳೆ ಬಂದರೆ ಗೋಡೆಯೂ ಉಳಿಯುವುದಿಲ್ಲ.”

“ಬೆರ್ಚಪ್ಪನ್ನ ಕಂಡ್ ಹೆದ್ರುಕೆ ಅವ್ಳೆಂತ ಗದ್ದಿ ಕಾಕಿಯಾ?”

ಟೀಚರ್ ಹೇಳಿದರು. ಅವರ ದೇಶದಲ್ಲಿ ಹಿಂದೆ ಕಪ್ಪು ಜನರನ್ನು ಬೆಳ್ಳಗಿನವರು ಹಿಡಿದು ಮರಕ್ಕೆ ನೇತುಹಾಕುತ್ತಿದ್ದರಂತೆ. ಪೊಲೀಸಿಲ್ಲ, ಕೋರ್ಟಿಲ್ಲ. ನೋಡಲು ಹೆಂಡತಿ ಮಕ್ಕಳ ಸಮೇತ ಊರೇ ಸೇರುತ್ತಿತ್ತಂತೆ.

ಕಡಲು ಎಳೆದುಕೊಂಡು ಹೋದವರನ್ನು ಕಂಡಿದ್ದೇನೆ. ಕುಡಿದು ಕಡಿದುಕೊಂಡವರನ್ನು ಕಂಡಿದ್ದೇನೆ. ಆದರೆ ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗಿ ನಿಂತು ನೋಡುವುದು? ಈ ವಯಸ್ಸಿಗೆ ಇನ್ನು ಯಾವುದಕ್ಕೂ ಬೆಚ್ಚುವುದಿಲ್ಲ ಎಂದುಕೊಂಡವಳು ನಾನು.

“ನಡೀರಿ, ನಾ ಬತ್ತೆ” ಎಂದೆ.

ಅವರು ಉಳಿದುಕೊಂಡದ್ದು ದೇವಸ್ಥಾನದ ಹಿಂದಿನ ಬಾಡಿಗೆ ಮನೆಯಲ್ಲಿ. ಜಾಯ್ಸ್ ಮಂಚದ ಮೇಲೆ ಕಟ್ಟಿದ ಬ್ಯಾಗಿನ ಪಕ್ಕ ಕೂತಿದ್ದಳು. ನನ್ನನ್ನು ನೋಡಲಿಲ್ಲ. ನಾನು ನೆಲದಲ್ಲಿ ಕೂತು, ಬೆರ್ಚಪ್ಪ ಎಂದರೆ ಏನು, ಅವಳ ಅಂಗಿ ಯಾಕೆ, ಜಡೆ ಯಾಕೆ, ಎಲ್ಲ ಹೇಳಿದೆ. ಟೀಚರ್ ಇಂಗ್ಲಿಷಿನಲ್ಲಿ ತಿಳಿಸಿದರು. ಅವಳು ತಲೆಯಾಡಿಸಿದಳು. ತಿಳಿದಿದೆ, ಆದರೂ ಆಗುವುದಿಲ್ಲ ಎನ್ನುವ ತಲೆಯಾಟ. ಆಮೇಲೆ ಟೀಚರನ್ನು ನೋಡುತ್ತಾ ಮೆಲ್ಲಗೆ ಮಾತಾಡಿದಳು. ಅವಳ ಮುತ್ತಜ್ಜಿಯ ತಮ್ಮನನ್ನು ಹಾಗೆ ಮಾಡಿದ್ದರಂತೆ, ಹತ್ತೊಂಬತ್ತರ ಹುಡುಗನನ್ನು. ಜನ ಕೆಳಗೆ ನಿಂತು ಪಟ ತೆಗೆಸಿಕೊಂಡಿದ್ದರಂತೆ. ಆ ಪಟವನ್ನು ಕಾರ್ಡು ಮಾಡಿ ಅಂಚೆಯಲ್ಲಿ ನೆಂಟರಿಗೆ ಕಳಿಸಿದ್ದರಂತೆ. ಅದರಲ್ಲಿ ಒಬ್ಬ ಮನುಷ್ಯ ಬೆರಳು ತೋರಿಸಿ ನಗುತ್ತಿದ್ದಾನಂತೆ.

ಬೆರಳು ತೋರಿಸಿ. ನನ್ನ ಬೆರಳನ್ನು ಸೆರಗಿನೊಳಗೆ ಇಟ್ಟುಕೊಂಡೆ.

ಎಂಥಾ ಜನ ಅವರು ಎನ್ನಲು ಬಾಯಿ ತೆರೆದೆ. ನಾನು ಓದುವಾಗ ಅದೇ ಶಾಲೆಯ ಜಗಲಿಯಾಚೆ, ಬಿಸಿಲಿನಲ್ಲಿ, ಬೇರೆಯಾಗಿ ಕೂರುತ್ತಿದ್ದ ಮಕ್ಕಳ ನೆನಪಾಯಿತು. ಅವರು ಒಳಗೆ ಯಾಕೆ ಕೂರುವುದಿಲ್ಲ ಎಂದು ನಮ್ಮಲ್ಲಿ ಯಾರೂ ಕೇಳಿರಲಿಲ್ಲ. ಬೇರೆಯವರ ಊರಿನ ಜನರನ್ನು ಬೈಯುವುದು ಸುಲಭ. ಹಾಗಾಗಿ ಬೈಯಲಿಲ್ಲ. ನನಗೆ ತಿಳಿಯಬೇಕಾದದ್ದು ಒಂದೇ ಇತ್ತು.

“ಅವ್ನನ್ ಕೆಳ್ಗ್ ಇಳ್ಸಿದ್ ಯಾರ್?”

ಸುಮತಿ ಟೀಚರ್ ನನ್ನನ್ನು ನೋಡಿದರು. “ಅದನ್ನೆಲ್ಲ ಕೇಳುವುದಾ ಗಿರಿಜಕ್ಕ?”

“ಕೇಣಿ. ಇಳ್ಸಿರಲ್ದಾ ಯಾರೋ.”

ಟೀಚರ್ ಹೆದರಿ ಹೆದರಿ ಕೇಳಿದರು. ಜಾಯ್ಸ್ ಮೊದಲ ಸಲ ನನ್ನ ಕಡೆ ತಿರುಗಿದಳು. ಇದನ್ನು ಈವರೆಗೆ ಯಾರೂ ಕೇಳಲಿಲ್ಲವಂತೆ. ಎಲ್ಲರೂ ನೇತುಹಾಕಿದವರ ಬಗ್ಗೆಯೇ ಕೇಳುವುದಂತೆ. ಇಳಿಸಿದ್ದು ಅವನ ಅಕ್ಕ, ಜಾಯ್ಸ್‌ಳ ಮುತ್ತಜ್ಜಿ. ಇಡೀ ಊರಲ್ಲಿ ಒಬ್ಬರೂ ಏಣಿ ಕೊಡಲಿಲ್ಲವಂತೆ. ಗಾಡಿಯ ಮೇಲೆ ಗಾಡಿಯಷ್ಟೆತ್ತರ ಪೆಟ್ಟಿಗೆ ಪೇರಿಸಿ ಹತ್ತಿದಳಂತೆ, ಒಬ್ಬಳೇ.

ನಾನು ಎದ್ದೆ. “ಇಲ್ಲಿ ಏಣಿ ಇತ್ತ್” ಎಂದು ಹೇಳಿ ಹೊರಟೆ. ಟೀಚರ್ ಅದನ್ನು ಅವಳಿಗೆ ತಿಳಿಸಿದರೋ ಇಲ್ಲವೋ ತಿರುಗಿ ನೋಡಲಿಲ್ಲ.

ಶಾಲೆಯ ಅಂಗಳದಲ್ಲಿ ನಾಗಣ್ಣ ಅಡ್ಡ ಬಂದ. “ಕಟ್ಟಿದ್ ಬೆರ್ಚಪ್ಪನ್ನ ಅರ್ಧದಲ್ ಬಿಚ್ಚುಕಾಗ ಗಿರಿಜಕ್ಕ. ಕೆಲ್ಸ ಮುಗಿವರಿಗೂ ಇರ್ಕ್. ಇಲ್ದಿರೆ ಆ ದೃಷ್ಟಿಯೆಲ್ಲ ಬಿಚ್ದವ್ರ್ ಮೇಲ್ ಬೀಳತ್ತ್.”

“ಬೀಳ್ಲಿ. ನನ್ ಮೇಲ್ ಬೀಳುಕೆ ಇನ್ನೆಂತ ಬಾಕಿ ಇತ್ತ್? ಏಣಿ ಹಿಡ್ಕೊ.”

ಸೀರೆ ಎತ್ತಿ ಸಿಕ್ಕಿಸಿ ಹತ್ತಿದೆ. ಹತ್ತಿದ ಮೇಲೆ ಗೊತ್ತಾಯಿತು, ಅದು ಸುಲಭವಲ್ಲ. ಹೊಟ್ಟೆಗೆ ತುಂಬಿದ ಮರಳಿನ ಭಾರಕ್ಕೆ ಕುತ್ತಿಗೆಯ ಗಂಟು ಕಲ್ಲಾಗಿತ್ತು. ಕತ್ತಿಯಲ್ಲಿ ಕೊಯ್ದರೆ ದಬಕ್ಕನೆ ಬೀಳುತ್ತದೆ. ಅದು ಬೀಳಬಾರದು ಎಂದು ನನಗೆ ಯಾಕೆ ಅನಿಸಿತೋ. ಒಂದು ಕೈಯಲ್ಲಿ ಅದನ್ನು ಎತ್ತಿ ಹಿಡಿಯಬೇಕು, ಇನ್ನೊಂದರಲ್ಲಿ ಬಿಚ್ಚಬೇಕು. ನನ್ನ ಕೈಯಲ್ಲಿ ಆಗಲಿಲ್ಲ. ಜಡೆಗಳು ನನ್ನ ಮುಖದ ಮೇಲೆಲ್ಲ ಬಿದ್ದವು. ಒಬ್ಬಳೇ ಹೇಗೆ ಇಳಿಸಿದಳೋ ಆ ಅಕ್ಕ ಎಂದುಕೊಳ್ಳುವಾಗ ಭಾರ ಇದ್ದಕ್ಕಿದ್ದ ಹಾಗೆ ಹಗುರಾಯಿತು. ಕೆಳಗೆ ನೋಡಿದೆ. ಜಾಯ್ಸ್ ಅಟ್ಟಣಿಗೆ ಹತ್ತಿ ಬಂದು, ಎರಡೂ ತೋಳಿನಿಂದ ಬೆರ್ಚಪ್ಪನ ಸೊಂಟವನ್ನು ಅಪ್ಪಿ, ಮೇಲಕ್ಕೆತ್ತಿ ಹಿಡಿದಿದ್ದಳು. ಕೆನ್ನೆ ಆ ಹಳದಿ ಅಂಗಿಗೆ ಒತ್ತಿತ್ತು. ಗಂಟು ಸಡಿಲಾಯಿತು. ಬಿಚ್ಚಿದೆ.

ಅವಳು ಅದನ್ನು ಕೆಳಗೆ ಹೊತ್ತು ತಂದು ಮೆಲ್ಲಗೆ ಮಲಗಿಸಿದಳು. ನಾಗಣ್ಣ ತಲೆಗೆ ಕಟ್ಟಿದ ವಸ್ತ್ರ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ, ಯಾರೂ ಹೇಳಿರಲಿಲ್ಲ. ಜಾಯ್ಸ್ ಪಕ್ಕದಲ್ಲಿ ಕೂತು ನಾನು ಹೆಣೆದ ಜಡೆಗಳನ್ನು ಒಂದೊಂದಾಗಿ ಬಿಚ್ಚಿದಳು. ನಾನೂ ಆಚೆ ಬದಿ ಕೂತು ಬಿಚ್ಚಿದೆ. ಟೀಚರ್ ಇದ್ದರು, ಆದರೆ ತಿಳಿಸಲು ಅವರಿಗೆ ಏನೂ ಸಿಗಲಿಲ್ಲ.

ಮಧ್ಯಾಹ್ನ ಅವಳು ಬಕೆಟ್ ಎತ್ತಿಕೊಂಡಳು. ಕ್ಷಮಿಸಿದೆ ಎಂದು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಬಂಗುಡೆ ಸಾರು ಕೊಟ್ಟರೆ ಎರಡನೇ ಸಲ ಹಾಕಿಸಿಕೊಂಡಳು. ಆದರೆ ಆ ಬಿದಿರಿನ ಕೆಳಗೆ ಮತ್ತೆ ನಡೆಯಲಿಲ್ಲ. ಸುತ್ತು ಹಾಕಿಯೇ ಹೋಗುತ್ತಿದ್ದಳು.

ಬೆರ್ಚಪ್ಪ ಇಲ್ಲದೆ ಮಾಡು ಏರಿಸುವುದಿಲ್ಲ ಎಂದು ನಾಗಣ್ಣ ಹಟ ಹಿಡಿದ. ಹಾಗಾಗಿ ಇನ್ನೊಂದು ಮಾಡಿದೆ. ನನ್ನದೇ ಹಳೇ ಸೀರೆ ಉಡಿಸಿ, ಮಡಕೆಗೆ ಸುಣ್ಣ ಬಳಿದು, ಮುರಿದ ಕುರ್ಚಿಯೊಂದರಲ್ಲಿ ಕೂರಿಸಿ ಗೋಡೆಯ ಮೇಲೆ ಇಟ್ಟೆವು. ಕುರ್ಚಿಗೆ ಅದರ ಸೊಂಟವನ್ನು ಬಿಗಿದದ್ದು ಜಾಯ್ಸ್. ಊರಿಗೆ ನಗಲು ಅಷ್ಟು ಸಾಕಾಯಿತು. “ಹ್ವಾಯ್, ಗಿರಿಜಕ್ಕ ಕೂತ್ಕಂಡ್ ಕೆಲ್ಸ ಕಾಂತಿದ್ರ್!” ಎಂದಳು ಸುಬ್ಬಿ. “ಇನ್ನ್ ಹೆದ್ರಿಕಿ ಇಲ್ಲ, ಇವ್ರನ್ ಕಂಡ್ರೆ ದೃಷ್ಟಿಯೇ ಓಡತ್ತ್” ಎಂದ ನಾಗಣ್ಣ. ಜಾಯ್ಸ್ ನನ್ನನ್ನೂ ಅದನ್ನೂ ನೋಡಿ “ಎಂತ?” ಎಂದಳು. ಅವಳ ಬಾಯಲ್ಲಿ ಆ ಮಾತು ಮತ್ತೆ ಬಂದದ್ದು ಆಗ.

ಮಾಡು ಏರಿತು. ಅವರು ಹೋಗಿ ವಾರದೊಳಗೆ ಮಳೆ ಹಿಡಿಯಿತು. ಈಗ ಒಂದನೇ ಕ್ಲಾಸು ಅಲ್ಲೇ ನಡೆಯುತ್ತದೆ, ಮಗ್ಗಿ ನನ್ನ ಅಡುಗೆಮನೆಗೆ ಕೇಳುತ್ತದೆ. ಹೊರಡುವ ದಿನ ಜಾಯ್ಸ್ ನನ್ನೆದುರು ನಿಂತು, ನನ್ನ ತುರುಬಿನ ಕಡೆ ಕೈಸನ್ನೆ ಮಾಡಿ, ಮುಟ್ಟಲೇ ಎಂದು ಕೇಳಿದಳು. ಮುಟ್ಟು ಎಂದೆ. ಅದರಲ್ಲಿ ಮುಟ್ಟಲು ಹೆಚ್ಚೇನೂ ಉಳಿದಿಲ್ಲ.

ಮೊನ್ನೆ ಬಸ್ಸಿಳಿದು ಹೋದಾಗ ಬಿಜೂರಿನ ಆ ಹೊಸ ಮನೆಯ ಯಜಮಾನಿ ಕಲ್ಲಿಗೆ ನೀರು ಹಾಕುತ್ತಿದ್ದಳು. “ಆ ಬೆರ್ಚಪ್ಪನ್ನ ಸೊಂಟಕ್ಕೆ ಕಟ್ಟ್ ಮಗಾ, ಕುತ್ಗಿಗ್ ಬ್ಯಾಡ” ಎಂದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, “ನೀವ್ ಯಾರ್? ಸೊಂಟಕ್ ಕಟ್ರೆ ಜೋತ್ ಬೀಳತ್ತ್, ಚಂದ ಕಾಂಬುದಿಲ್ಲೆ” ಎಂದಳು.

“ಚಂದ ಕಾಂಬುದ್ ಬ್ಯಾಡ. ಏಣಿ ತಕಂಬಾ.”

ಬೈಯುತ್ತಲೇ ತಂದಳು. ಅವಳು ಹತ್ತಿ ಗಂಟು ಬಿಚ್ಚುವ ತನಕ ನಾನು ಕೆಳಗೆ ನಿಂತು, ಎರಡೂ ಕೈ ಎತ್ತಿ, ಅದರ ಸೊಂಟ ಹಿಡಿದುಕೊಂಡಿದ್ದೆ. ಅಷ್ಟರಲ್ಲಿ ಬೈಂದೂರಿನ ಇನ್ನೊಂದು ಬಸ್ಸೂ ಹೋಯಿತು. ಹೋಗಲಿ.